ಭೀಮನ ಮೇಲೆ ಬಂದ ಅಪವಾದ

ತಳಕಿನ ಹತ್ತಿರದ ಹಟ್ಟಿಯ ಬೋರಣ್ಣನಿಗೆ ತಾನು ಬೆಳೆದ ಕುದುರೆ ಮೆಂತ್ಯದ ಮೇಲೆ ಇದ್ದ ಹೆಮ್ಮೆ ಹೆಂಡತಿಯ ಮೇಲೂ ಇರಲಿಲ್ಲ. ಬೇರೆಯವರ ಕುರಿಗಳು ಬಂಡೆಗಳ ನಡುವೆ ಒಣಹುಲ್ಲು ಹುಡುಕುತ್ತಿದ್ದರೆ, ಇವನ ಕುರಿಗಳಿಗೆ ಮೂರು ಹೊತ್ತೂ ಬೋರ್‌ವೆಲ್ ನೀರಲ್ಲಿ ಬೆಳೆದ ಆ ಹಸಿರು ಮೇವೇ. ಕುರಿಗಳ ಕೆಚ್ಚಲು ಉಬ್ಬಿದ್ದು ನೋಡಿ ಎಲ್ಲವೂ ಗಬ್ಬ ನಿಂತಿವೆ ಎಂದು ಹಟ್ಟಿಗೆಲ್ಲ ಹೋಳಿಗೆ ಊಟ ಹಾಕಿಸಿಬಿಟ್ಟ. ಹೋಳಿಗೆ ಕರಗಿತು, ತಿಂಗಳುಗಳು ಉರುಳಿದವು, ಒಂದು ಮರಿಯೂ ಹುಟ್ಟಲಿಲ್ಲ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ ಎಂದು ಹಟ್ಟಿ ನಕ್ಕಿತು.

ಯಾರ ಮೇಲಾದರೂ ಗೂಬೆ ಕೂರಿಸಬೇಕಲ್ಲ, ಬೋರಣ್ಣ ಟಗರು ಭೀಮನ ಮೇಲೆ ಕೂರಿಸಿದ. ಭೀಮನೂ ಈಚೆಗೆ ಕುರಿಗಳತ್ತ ತಿರುಗಿಯೂ ನೋಡದೆ ಸನ್ಯಾಸಿಯಂತೆ ಮೆಲುಕು ಹಾಕುತ್ತ ನಿಂತಿರುತ್ತಿದ್ದ.

"ನಾಳೆ ಇದನ್ನ ಚಳ್ಳಕೆರೆ ಸಂತೆಗೆ ಹೊಡೀತೀನಿ. ಕಟುಕರಿಗಾದ್ರೂ ಆಗ್ಲಿ," ಎಂದ ಬೋರಣ್ಣ.

ಮರಿಯಾಗಿದ್ದಾಗಲೇ ತಾಯಿ ಸತ್ತ ಭೀಮನಿಗೆ ಬಾಟಲಿ ಹಾಲು ಕುಡಿಸಿ ಸಾಕಿದವಳು ಹೆಂಡತಿ ಮುದ್ದಕ್ಕ. "ಅದ್ನ ಮಾರಿದ್ರೆ ನಾನೂ ತವರಿಗೆ ಹೋಗ್ತೀನಿ, ನೋಡ್ತಿರು!"

ಬೆಳಿಗ್ಗೆ ಟೆಂಪೋ ಬಂದೇ ಬಂತು. ಹಿಂಡಿನೊಳಗೆ ನುಗ್ಗಿದ ಬೋರಣ್ಣ ಅವಸರದಲ್ಲಿ ಭೀಮನ ಬದಲು ಬೀಜ ಒಡೆಸಿ ನಿರ್ವೀರ್ಯ ಮಾಡಿದ್ದ ಇನ್ನೊಂದು ಟಗರಿನ ತೊಡೆಸಂದಿಗೆ ಕೈಹಾಕಿ ಎತ್ತಿದ. ಅಂಗೈ ಒದ್ದೆಯಾಯಿತು. ನೋಡಿದರೆ ಹಾಲು!

"ಏ ಮುದ್ದಿ, ಬಾರೇ ಇಲ್ಲಿ! ಟಗರು ಹಾಲು ಕೊಡ್ತೈತೆ!"

ಮುದ್ದಕ್ಕ ಟೆಂಪೋಗೆ ಅಡ್ಡ ನಿಂತೇ ಪಶುವೈದ್ಯೆ ಸ್ವಪ್ನ ಅವರಿಗೆ ಫೋನ್ ಮಾಡಿದಳು. ಅವರು ಬಂದು ಕುರಿಗಳನ್ನು ಮುಟ್ಟಿ ನೋಡಿದರು, ಮೇವನ್ನೂ ಕಿತ್ತು ನೋಡಿದರು. ಎಲೆಯ ತುಂಬ ಚುಕ್ಕೆ.

"ಈ ಸೊಪ್ಪಲ್ಲಿ ಹೆಣ್ಣಿನ ಹಾರ್ಮೋನ್ ತರದ್ದೊಂದು ಅಂಶ ಇರುತ್ತೆ ಬೋರಣ್ಣೋರೆ. ಚುಕ್ಕೆ ರೋಗ ಬಂದ್ರೆ ಇನ್ನೂ ಜಾಸ್ತಿ. ಬರೀ ಇದನ್ನೇ ತಿನ್ಸಿದ್ರೆ ಕೆಚ್ಚಲು ಉಬ್ಬುತ್ತೆ, ಗಬ್ಬ ನಿಲ್ಲಲ್ಲ. ಬೀಜ ಒಡೆಸಿದ ಟಗರಿಗೂ ಹಾಲಿಳಿಯುತ್ತೆ, ಬೀಜದ ಟಗರೂ ಮಂಕಾಗಬಹುದು. ಮೊದಲು ಮೇವು ಬದಲಾಯಿಸಿ."

"ಹಂಗಾದ್ರೆ ತಪ್ಪು ಯಾರ್ದು?" ಎಂದಳು ಮುದ್ದಕ್ಕ. ಬೋರಣ್ಣ ಟೆಂಪೋದವನಿಗೆ ಹೋಗೆಂದು ಕೈಮಾಡಿದ.

ಕುರಿಗಳು ಮತ್ತೆ ಗುಡ್ಡದ ಒಣಹುಲ್ಲು, ಜಾಲಿಕಾಯಿಗೆ ಬಾಯಿ ಹಾಕಿದವು. ಭೀಮ ಮಾತ್ರ ಬಹಳ ದಿನ ಮಂಕಾಗಿಯೇ ಇದ್ದ. ಮತ್ತೆ ಟೆಂಪೋ ಬಂದೀತೆಂದು ಮುದ್ದಕ್ಕನಿಗೆ ಒಳಗೊಳಗೇ ಹೆದರಿಕೆ.

ಒಂದು ಸಂಜೆ ಬೋರಣ್ಣ ತೊಟ್ಟಿಯ ಬಳಿ ಬಗ್ಗಿ ಮುಖ ತೊಳೆಯುತ್ತಿದ್ದ. ಭೀಮ ಹಿಂದಕ್ಕೆ ಸರಿದು, ಓಡಿಬಂದು ಗುದ್ದಿದ ಗುದ್ದಿಗೆ ಯಜಮಾನ ಕೆಸರಿನಲ್ಲಿ ಮಕಾಡೆ ಬಿದ್ದ. ಓಡಿಬಂದ ಮುದ್ದಕ್ಕ ಗಂಡನನ್ನು ಎತ್ತಲಿಲ್ಲ. ಮಂಕು ಬಿಟ್ಟ ಟಗರಿನ ಕೊರಳು ತಬ್ಬಿಕೊಂಡು ನಗುತ್ತ ನಗುತ್ತಲೇ ಅತ್ತುಬಿಟ್ಟಳು.

"ಅವನ್ದೇನೂ ತಪ್ಪಿಲ್ಲ ಕಣೇ," ಎಂದ ಬೋರಣ್ಣ, ಮೂಗಿನ ಕೆಸರು ಒರೆಸಿಕೊಳ್ಳುತ್ತ. "ನಂಗೆ ಬರಬೇಕಾದ್ದೇ ಬಂತು."