ಆಗ್ಲಿಯಕ್ಕನ ಬಲಗೈ

ಪರದೇಶದ ಆ ಅತಿಥಿಗೃಹದಲ್ಲಿ ಬೆಳಕು ಹರಿಯುವ ಮುನ್ನ ಹದಿನಾಲ್ಕು ಜನರ ಚಹಾಕ್ಕೆ ನೀರಿಡಬೇಕು, ಕುಡಿಯುವ ನೀರನ್ನು ಕುದಿಸಿ ಆರಿಸಿ ಬಾಟಲಿಗಳಿಗೆ ತುಂಬಬೇಕು, ಮೊಟ್ಟೆ ಬೇಯಿಸಿ ಸುಲಿಯಬೇಕು, ಮಧ್ಯಾಹ್ನದ ಬುತ್ತಿಗೆ ತರಕಾರಿ ಹೆಚ್ಚಬೇಕು, ಹಿಂದಿನ ದಿನ ನೆನೆಹಾಕಿದ ಬಣ್ಣ ಮೆತ್ತಿದ ಅಂಗಿಗಳನ್ನು ತಿಕ್ಕಿ ಹಿಂಡಿ ಹರವಬೇಕು, ಕೊನೆಗೆ ಪಾಸ್ಟರ್ ಮಾತ್ರೆ ನುಂಗಲೆಂದು ಒಂದು ಲೋಟ ಬಿಸಿನೀರು ಮುಚ್ಚಿಡಬೇಕು. ಇಷ್ಟನ್ನೂ ಮುಗಿಸಿ, ಸೊಂಟಕ್ಕೆ ಸಿಕ್ಕಿಸಿದ ಟವೆಲ್ಲಿಗೆ ಒದ್ದೆಯಿಲ್ಲದ ಕೈಯನ್ನೂ ಒಮ್ಮೆ ಒರೆಸಿಕೊಂಡು, ಆಕೆ ಬೆಳಗಿನ ಪ್ರಾರ್ಥನೆಗೆ ಕೊನೆಯ ಬೆಂಚಿನ ತುದಿಯಲ್ಲಿ ಕೂರುತ್ತಿದ್ದಳು. ಕೂರುವುದೆಂದರೂ ಅರ್ಧವೇ, ಯಾರಾದರೂ ಕರೆದರೆ ಥಟ್ಟನೆ ಏಳಲು ಅನುಕೂಲವಾಗುವಂತೆ.

ಯಾರು ಏನು ಹೇಳಿದರೂ ‘ಆಗ್ಲಿ’ ಎನ್ನುತ್ತಿದ್ದುದರಿಂದ ಊರಿನ ಚರ್ಚಿನ ಸಭೆಯವರೆಲ್ಲ ಆಕೆಯನ್ನು ಆಗ್ಲಿಯಕ್ಕ ಎಂದೇ ಕರೆಯುತ್ತಿದ್ದರು. ಮೂವತ್ತು ವರ್ಷ ಚರ್ಚಿನ ಮೇಜುಬಟ್ಟೆಗಳನ್ನು ಒಗೆದು ಇಸ್ತ್ರಿ ಮಾಡಿದ ಆಕೆಗೆ ಒಂದೇ ಒಂದು ಆಸೆಯಿತ್ತು. ಪ್ರತಿ ವರ್ಷ ಪರದೇಶದ ಸೇವೆಗೆ ಹೋಗಿಬಂದವರಲ್ಲಿ ಒಬ್ಬರು ಮುಂದಿನ ಭಾನುವಾರ ಮೈಕಿನ ಮುಂದೆ ನಿಂತು, ದೇವರು ತಮಗೆ ಮಾಡಿದ ಉಪಕಾರದ ಬಗ್ಗೆ ಐದು ನಿಮಿಷ ಸಾಕ್ಷಿ ಹೇಳುತ್ತಾರೆ. ತಾನೂ ಒಮ್ಮೆ ಅಲ್ಲಿ ನಿಲ್ಲಬೇಕು. ಪಾತ್ರೆ ತಿಕ್ಕುತ್ತ ಆ ಐದು ನಿಮಿಷವನ್ನು ಎಷ್ಟೋ ಸಲ ಮನಸ್ಸಿನಲ್ಲೇ ಹೇಳಿಕೊಂಡಿದ್ದಳು.

ಈ ವರ್ಷ ಹೋಗುವವರ ಪಟ್ಟಿಯಲ್ಲಿ ತನ್ನ ಹೆಸರು ಬಂದಾಗ ಗಂಡನಿಗೂ ಇಬ್ಬರು ಬೆಳೆದ ಗಂಡುಮಕ್ಕಳಿಗೂ ಹನ್ನೆರಡು ದಿನದ ಊಟ ಮಾಡಿ ಫ್ರಿಜ್ಜಿನಲ್ಲಿ ಜೋಡಿಸಿ, ಡಬ್ಬಿಗಳ ಮೇಲೆ ‘ಸೋಮವಾರ, ಬಿಸಿ ಮಾಡಿ’ ಎಂದು ಚೀಟಿ ಅಂಟಿಸಿದಳು. “ನೀನು ಅಲ್ಲಿಗೆ ಹೋಗಿ ಏನು ಕಡಿದು ಗುಡ್ಡೆ ಹಾಕ್ತೀಯೇ?” ಎಂದು ಗಂಡ ನಕ್ಕಿದ್ದ. ಅದಕ್ಕೆ ಉತ್ತರ ಆಕೆಗೆ ವಿಮಾನ ನಿಲ್ದಾಣದಲ್ಲಿ ಸಿಕ್ಕಿತು. ತಂಡ ಅನಾಥಾಲಯಕ್ಕೆ ಸುಣ್ಣಬಣ್ಣ ಹೊಡೆಯುತ್ತದೆ, ಮಕ್ಕಳಿಗೆ ಹಾಡು ಕಲಿಸುತ್ತದೆ, ಅಡುಗೆ ಆಗ್ಲಿಯಕ್ಕನದು.

“ಆಗ್ಲಿ,” ಎಂದಳು. ನಾಲ್ಕು ದಿನವಾದರೂ ಆ ಮಕ್ಕಳ ಮುಖ ಆಕೆ ಕಂಡಿರಲಿಲ್ಲ. ಬೇರೆಯವರ ಫೋನಿನ ಚಿತ್ರಗಳಲ್ಲಿ ನೋಡಿದ್ದಳು, ಅಷ್ಟೆ.

ಕಂಡಿದ್ದು ಒಬ್ಬ ಹೆಂಗಸನ್ನು. ಮೊದಲ ದಿನದಿಂದಲೂ ಮಬ್ಬುಗತ್ತಲಲ್ಲಿ ಅತಿಥಿಗೃಹದ ಹಿಂಬಾಗಿಲ ಮೆಟ್ಟಿಲ ಮೇಲೆ ಬಂದು ಕೂತು, ಬಿಸಿಲೇರಿದ ಮೇಲೆ ಎದ್ದು ಹೋಗುತ್ತಿದ್ದ ಆಕೆಯ ತೊಡೆಯ ಮೇಲೆ ಬಟ್ಟೆಯಲ್ಲಿ ಸುತ್ತಿದ ಉದ್ದನೆಯದೇನೋ ಇರುತ್ತಿತ್ತು. ಭಿಕ್ಷೆಗೆ ಬಂದವಳಿರಬೇಕೆಂದು ಆಗ್ಲಿಯಕ್ಕ ಮರುಕದಿಂದ ಎರಡು ತುಂಡು ಬ್ರೆಡ್ಡಿಗೆ ಬೆಣ್ಣೆ ಸವರಿ ಕೊಟ್ಟಳು. ಹೆಂಗಸು ಅದನ್ನು ತೆಗೆದುಕೊಂಡು, ಒಂದು ಗಳಿಗೆ ನೋಡಿ, ಗೋಡೆಯ ಮೇಲಿಟ್ಟು ಹೊರಟುಹೋದಳು.

ನಾಲ್ಕನೆಯ ದಿನ, ತಂಡದಲ್ಲಿದ್ದ ಟೀಚರಮ್ಮ ಕಾವಲುಗಾರನ ಹತ್ತಿರ ಅರೆಬರೆ ಇಂಗ್ಲಿಷಿನಲ್ಲಿ ವಿಚಾರಿಸಿಕೊಂಡು ಬಂದು ಹೇಳಿದಳು: “ಅಕ್ಕಾ, ಅವಳು ಇಲ್ಲಿಯ ಅಡುಗೆಯವಳಂತೆ. ನಾವು ನಮ್ಮವರನ್ನೇ ಕರ್ಕೊಂಡ್ ಬಂದ್ವಲ್ಲ, ಹನ್ನೆರಡು ದಿನ ಬರ್ಬೇಡ ಅಂದಿದ್ದಾರೆ. ದಿನಗೂಲಿ. ಮನೇಲಿ ಐದು ಜನ ಇವಳ ಕೈ ನೋಡ್ಕೊಂಡಿದ್ದಾರೆ. ಯಾವತ್ತಾದ್ರೂ ಕರೀಬಹುದು ಅಂತ ಬಂದು ಕೂರ್ತಾಳಂತೆ. ಆ ಬಟ್ಟೇಲಿರೋದು ಅವಳ ಚಾಕು.”

ಗೋಡೆಯ ಮೇಲಿನ ಬ್ರೆಡ್ಡು ಆಗ್ಲಿಯಕ್ಕನ ಕಣ್ಣಿಗೆ ಕಟ್ಟಿತು. ಮನೆಯಲ್ಲಿ ಯಾರಾದರೂ ತನ್ನ ಒಲೆಯ ಮುಂದೆ ನಿಂತು ತನಗೇ ಬಡಿಸಿದ್ದರೆ? ಆ ಸಂಜೆ ಟವೆಲ್ಲು ಹಿಂಡುತ್ತ ಪಾಸ್ಟರ್ ಮುಂದೆ ನಿಂತು, ಅವಳನ್ನು ಕೆಲಸಕ್ಕೆ ಕರೆಯಬಹುದೇ ಎಂದು ಕೇಳಿದಳು.

“ಅವಳಿಗೂ ರಜೆ ಸಿಕ್ಕಂಗಾಯ್ತಲ್ಲಕ್ಕ,” ಎಂದು ಅವರು ನಕ್ಕರು. “ಉಳಿದ ದುಡ್ಡಲ್ಲಿ ಇನ್ನೊಂದು ಕೋಣೆಗೆ ಬಣ್ಣ ಆಗುತ್ತೆ. ನೀವು ಬಂದಿರೋದೇ ಸೇವೆಗೆ. ನಿಮ್ಮ ಕೈರುಚಿ ಇಲ್ದೆ ಇವರು ಏಣಿ ಹತ್ತೋದುಂಟಾ?”

“ಆಗ್ಲಿ,” ಎಂದಳು.

ಮರುದಿನ ಬೆಳಿಗ್ಗೆ ಒಲೆ ಹತ್ತಿರಲಿಲ್ಲ. ಆಗ್ಲಿಯಕ್ಕ ಬಲಗೈಗೆ ಮಣಿಕಟ್ಟಿನವರೆಗೆ ಬ್ಯಾಂಡೇಜು ಸುತ್ತಿಕೊಂಡು ಕೂತಿದ್ದಳು.

“ಉಳುಕಿದೆ,” ಎಂದಳು. ಹುಟ್ಟಿದಾಗಿನಿಂದ ಆಡಿದ ಮೊದಲ ಸುಳ್ಳೇನಲ್ಲ. ಹೊಟ್ಟೆ ತುಂಬಿದೆ, ಸುಸ್ತಾಗಿಲ್ಲ ಎಂದು ಮನೆಯಲ್ಲಿ ದಿನಕ್ಕೆರಡು ಹೇಳುತ್ತಿದ್ದವಳೇ. ಕೆಲಸ ಬಿಟ್ಟು ಕೂರಲೆಂದು ಹೇಳಿದ ಮೊದಲ ಸುಳ್ಳು ಮಾತ್ರ ಇದೇ.

ಹದಿಮೂರು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಮೊಟ್ಟೆ ಎಷ್ಟು ಹೊತ್ತು ಬೇಯ್ಬೇಕು?” ಎಂದು ಒಬ್ಬ ಕೇಳಿದ. “ಸೌಟು ಎಲ್ಲಿದೆ?” ಎಂದು ಇನ್ನೊಬ್ಬ. ಅರ್ಧ ಗಂಟೆಯಲ್ಲಿ ಪಾಸ್ಟರೇ ಹಿಂಬಾಗಿಲು ತೆರೆದು ಹೆಂಗಸನ್ನು ಒಳಗೆ ಕರೆದರು. ಆಕೆ ಆಗ್ಲಿಯಕ್ಕನತ್ತ ತಿರುಗಿಯೂ ನೋಡದೆ ಚಾಕುವಿನ ಬಟ್ಟೆ ಬಿಚ್ಚಿದಳು. ಕ್ಷಮೆಯೇನೂ ಸಿಗಲಿಲ್ಲ. ಬ್ರೆಡ್ಡು ಕೊಟ್ಟವಳಿಗೆ ಅದು ಸಿಗಬೇಕೆಂದೂ ಇರಲಿಲ್ಲ.

ಮಾಡಲು ಕೆಲಸವಿಲ್ಲದೆ ಆ ದಿನವೆಲ್ಲ ಆಗ್ಲಿಯಕ್ಕ ಖಾಲಿ ಮೆಟ್ಟಿಲ ಮೇಲೆ ಕೂತಳು. ಎಡಗೈ ತಾನಾಗಿಯೇ ಟವೆಲ್ಲಿಗೆ ಒರೆಸಿಕೊಳ್ಳುತ್ತಿತ್ತು. ಮದುವೆಯಾದಾಗಿನಿಂದ ಹೀಗೆ ಕೂತದ್ದು ಎರಡೇ ಸಲ, ಎರಡೂ ಹೆರಿಗೆಯಾದಾಗ. ಆಕೆಯಂಥ ಹೆಂಗಸರಿಗೆ ಕೂರಲು ಅಪ್ಪಣೆ ಸಿಗುವುದು ದೇಹದ ಯಾವುದಾದರೊಂದು ಭಾಗ ಮುರಿದಾಗ ಮಾತ್ರ. ಮುರಿಯದೆ ಕೂತರೆ ಅದಕ್ಕೊಂದು ಸುಳ್ಳು ಬೇಕು. ಅವರ ಔದಾರ್ಯವೂ ಯಾರಿಗೂ ಕಾಣದ ಹಾಗೆ, ತಪ್ಪಿನ ವೇಷದಲ್ಲೇ ಬರಬೇಕು.

ಸಂಜೆಯ ಪ್ರಾರ್ಥನೆಯಲ್ಲಿ ಎಲ್ಲರೂ ಆಕೆಯ ಸುತ್ತ ನಿಂತು ಬ್ಯಾಂಡೇಜಿನ ಮೇಲೆ ಕೈಯಿಟ್ಟು, ವಾಸಿಯಾಗಲೆಂದು ಕಣ್ಣೀರಿಟ್ಟು ಬೇಡಿದರು. ಆ ಕೈಯನ್ನು ಇಷ್ಟು ಮೆಲ್ಲಗೆ ಯಾರೂ ಯಾವತ್ತೂ ಮುಟ್ಟಿರಲಿಲ್ಲ. ಆಕೆಯೂ ಅತ್ತಳು.

“ಈಗ ನೋಡಿ ಅಕ್ಕಾ,” ಎಂದರು ಪಾಸ್ಟರ್, ಮುಖ ಅರಳಿಸಿ. “ನೋವು ಹೋಯ್ತಲ್ವಾ? ಹೋಗಿದ್ರೆ ಈ ಸಲದ ಸಾಕ್ಷಿ ನಿಮ್ಮದೇ. ಮೈಕು ನಿಮ್ಮದೇ.”

ಇನ್ನೂ ಏಳು ದಿನಗಳಿದ್ದವು. ಅಡುಗೆಮನೆಯಿಂದ ಹಲಗೆಯ ಮೇಲೆ ಚಾಕು ಆಡುವ ಸದ್ದು ಕೇಳುತ್ತಿತ್ತು, ಪಳಗಿದ ಕೈಯ ಸದ್ದು. ಹದಿಮೂರು ಜನ ಕಾದರು. ಆಕೆಯ ತುಟಿಗೆ ಹಳೆಯ ಮಾತೇ ಬಂದು ನಿಂತಿತು.

“ಇಲ್ಲ ಪಾಸ್ಟರ್,” ಎಂದಳು ಆಗ್ಲಿಯಕ್ಕ. “ನೋಯ್ತಿದೆ.”

“ಅಕ್ಕನಿಗೆ ದೇವರಲ್ಲಿ ವಿಶ್ವಾಸ ಸಾಲದು,” ಎಂದು ಹಿಂದೆ ಯಾರೋ ಪಿಸುಗುಟ್ಟಿದ್ದು ಕೇಳಿಸಿತು. ಆಕೆ ಎದ್ದು ಕೋಣೆಗೆ ಹೋಗಿ ಕದ ಹಾಕಿಕೊಂಡು, ಸಡಿಲವಾಗಿದ್ದ ಬ್ಯಾಂಡೇಜಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಎಡಗೈಯಿಂದ ಇನ್ನಷ್ಟು ಬಿಗಿದುಕೊಂಡಳು.