ಬೋರಲು ಹಾಕಿದ ತಟ್ಟೆ

ಆಂತೆಲ್ಮ್ ನಲವತ್ತು ವರ್ಷ ಕೋಳಿ ಸಾಕಿದವನು. ಬ್ರೆಸ್ ಸೀಮೆಯ ಬಿಳಿ ಕೋಳಿ, ನೀಲಿ ಕಾಲಿನವು. ಒಳ್ಳೆಯದನ್ನೆಲ್ಲ ಮಾರಿ, ಮೊಟ್ಟೆ ನಿಲ್ಲಿಸಿದ ಮುದಿ ಹೇಂಟೆಯನ್ನು ತಾನು ತಿಂದುಕೊಂಡು ಬಂದ ಮನುಷ್ಯ. ಅಂಥವನು ಈ ಮಧ್ಯಾಹ್ನ ಮದುವೆಯ ಕಾಲದ ಕೋಟಿಗೆ ಹೇಗೋ ಗುಂಡಿ ಹಾಕಿ, ಉಸಿರು ಬಿಗಿಹಿಡಿದು ದೊಡ್ಡ ಹೋಟೆಲಿನಲ್ಲಿ ಕೂತಿದ್ದ. ಅಲ್ಲಿನ ಅಡುಗೆಮನೆಗೆ ಅವನ ಮಗಳು ಸೊಲೆನ್‌ಳೇ ಯಜಮಾನಿ.

ಅಪ್ಪ ಮಗಳ ನಡುವೆ ಒಂದು ತಟ್ಟೆಯ ಜಗಳವಿತ್ತು. ಅವರ ಮನೆಯಲ್ಲಿ ಊಟ ಮುಗಿದರೆ ಬ್ರೆಡ್ಡಿನ ಚೂರಿನಿಂದ ತಟ್ಟೆ ಒರೆಸಿ, ಬೋರಲು ಹಾಕಿ, ಅದರ ಬೆನ್ನ ಮೇಲೆ ಚೀಸ್ ತಿನ್ನುವುದು ಅಜ್ಜನ ಕಾಲದ ರೂಢಿ. ಹದಿನಾಲ್ಕು ವರ್ಷದ ಕೆಳಗೆ ಸೊಲೆನ್ ತಾನೇ ಅಡುಗೆ ಮಾಡಿ ಬಡಿಸಿ, "ಅಪ್ಪ, ನಾನು ಅಡುಗೆ ಕಲಿಯೋಕೆ ಪಟ್ಟಣಕ್ಕೆ ಹೋಗ್ತೀನಿ" ಅಂದಳು. "ನನ್ನ ಕೋಳಿಗೆ ವೇಷ ಕಟ್ಟಿ ಸಾಹುಕಾರರ ಮುಂದೆ ಕುಣಿಸೋಕಾ?" ಅಂದವನೇ ಆಂತೆಲ್ಮ್ ತಟ್ಟೆಯನ್ನು ಒರೆಸದೆ, ಮಗುಚದೆ ಹಾಗೇ ಬಿಟ್ಟು ಎದ್ದುಹೋದ. ಆಮೇಲೆ ಅವಳು ಮನೆಗೆ ಬಂದು ಹೋಗುತ್ತಿದ್ದಳು, ಒಲೆ ಮಾತ್ರ ಮುಟ್ಟಲಿಲ್ಲ. ಹೋದ ವಾರ ಫೋನ್ ಮಾಡಿ, "ಒಂದೇ ಸಲ ಬಂದು ಉಣ್ಣು. ಹಿಡಿಸದಿದ್ರೆ ಇನ್ಮೇಲೆ ಕರೆಯಲ್ಲ" ಅಂದಿದ್ದಳು. ಹೆಂಡತಿ ಕ್ಲೋತಿಲ್ಡ್ ಬಯ್ದು ಹೊರಡಿಸಿದ್ದಳು.

"ಒಬ್ಬೊಬ್ಬರಿಗೆ ನಾಲ್ಕು ಗ್ಲಾಸು ಯಾಕೆ?" ಅಂದ ಆಂತೆಲ್ಮ್.

"ಒಂದು ಒಡೆದರೂ ಇರಲಿ ಅಂತ. ನಿನ್ನ ಕೈ ಅವರಿಗೆ ಗೊತ್ತಲ್ಲ" ಅಂದಳು ಕ್ಲೋತಿಲ್ಡ್.

ಬಡಿಸುವವನು ಬೆಳ್ಳಿಯ ಪಾತ್ರೆ ತಂದ. ಅದರೊಳಗೆ ಬಾಯಿ ಕಟ್ಟಿ ಬೇಯಿಸಿದ, ಚೆಂಡಿನಂತೆ ಉಬ್ಬಿದ್ದ ಹಂದಿಯ ಮೂತ್ರಚೀಲ. ಚೂರಿ ತಾಗಿಸಿದನೋ ಇಲ್ಲವೋ, ಹಬೆ ಎದ್ದಿತು. ಆ ಪರಿಮಳಕ್ಕೆ ಪಕ್ಕದ ಮೇಜಿನವರೂ ಮಾತು ನಿಲ್ಲಿಸಿದರು. ಒಳಗೆ ಇಡೀ ಕೋಳಿ, ಹಾಲಿನ ಬಣ್ಣದ್ದು, ನೀಲಿ ಕಾಲುಗಳ ಸಮೇತ. ವೇಷವೂ ಇಲ್ಲ, ಗೀಷವೂ ಇಲ್ಲ.

"ನಮ್ಮದೇ" ಅಂದ ಆಂತೆಲ್ಮ್, ಪಿಸುಮಾತಿನಲ್ಲಿ.

ಒಂದು ತುತ್ತು ಬಾಯಿಗಿಟ್ಟ. ಆಮೇಲೆ ಅವನಿಗೆ ಕೋಟೂ ನೆನಪಿಲ್ಲ, ಗ್ಲಾಸೂ ನೆನಪಿಲ್ಲ. ತಾನು ಹಾಕಿದ ಜೋಳ, ಕುಡಿಸಿದ ಹಾಲು, ಹಿತ್ತಿಲ ಹಸಿ ಹುಲ್ಲು ಎಲ್ಲವೂ ನಾಲಿಗೆಯ ಮೇಲಿತ್ತು. ನಲವತ್ತು ವರ್ಷ ಮುಂಜಾನೆ ಎದ್ದು ತಾನು ಮಾಡಿದ್ದು ಇಂಥದ್ದು ಅಂತ ಅವನಿಗೆ ಈವರೆಗೆ ಗೊತ್ತೇ ಇರಲಿಲ್ಲ. ದೇವರೇ, ಮಗಳಿಗೆ ಗೊತ್ತಿತ್ತಲ್ಲ ಅನ್ನಿಸಿತು. ಕ್ಲೋತಿಲ್ಡ್ ಏನೋ ಕೇಳಿದಳು. ಇವನು ತಲೆ ಎತ್ತಲಿಲ್ಲ.

ಎತ್ತಿದಾಗ ಬಡಿಸುವವನು ಕಣ್ಣು ಬಿಟ್ಟುಕೊಂಡು ನಿಂತಿದ್ದ. ಚಿನ್ನದ ಅಂಚಿನ ತಟ್ಟೆ ಬೋರಲಾಗಿತ್ತು. ಬ್ರೆಡ್ಡಿನಲ್ಲಿ ಒರೆಸಿದ್ದು ಯಾವಾಗ, ಮಗುಚಿದ್ದು ಯಾವಾಗ, ಅವನಿಗೇ ತಿಳಿಯದು. ಬಡಿಸುವವನು ತಿರುಗಿ ಅಡುಗೆಮನೆಯತ್ತ ಹೋದ.

ಆಂತೆಲ್ಮ್‌ನ ಕಿವಿ ಕೆಂಪಾಯಿತು. "ಅಯ್ಯೋ, ಹುಡುಗಿಯ ಮಾನ ಕಳೆದೆ" ಅಂತ ತಟ್ಟೆಗೆ ಕೈ ಹಾಕಿದ. ಕ್ಲೋತಿಲ್ಡ್ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಮುಟ್ಟಬೇಡ, ಮುದುಕ. ಹಾಗೇ ಇರಲಿ."

ಅಡುಗೆಮನೆಯ ಬಾಗಿಲು ತೆರೆಯಿತು. ಬಿಳಿ ಅಂಗಿಯ ಸೊಲೆನ್ ಎರಡು ಬಟ್ಟಲು ಹಿಡಿದು, ಮೇಜುಗಳ ನಡುವೆ ಯಾರತ್ತಲೂ ನೋಡದೆ ಬಂದಳು. ಬೋರಲು ತಟ್ಟೆಯನ್ನು ಒಂದು ಗಳಿಗೆ ನೋಡಿದಳು. ತಟ್ಟೆಯ ಬೆನ್ನಿನ ಬಳೆಯಂಥ ಅಂಚಿನೊಳಗೆ, ಮನೆಯಲ್ಲಿ ಬಡಿಸುವ ಹಾಗೇ, ಎರಡು ಚಮಚ ಮೊಸರಿನಂಥ ಬಿಳಿ ಚೀಸ್ ಇಟ್ಟಳು.

"ಕೆನೆ ಹಾಕ್ಲಾ, ಅಪ್ಪ?"

"ಹಾಕು" ಅಂದ ಆಂತೆಲ್ಮ್. ಅವಳು ಹಾಕಿದಳು.

"ಇನ್ನೂ ಸ್ವಲ್ಪ ಹಾಕು, ಮಗಳೇ."