ಉಗುರು ಹಾಕಿ ನೋಡಬೇಕು

ಬಣ್ಣ ಇನ್ನೂ ಹಸಿ, ಬೆಂಚಿನ ಬೋಲ್ಟಿನ ಮೇಲೆ ಉಗುರು ಒತ್ತಿದರೆ ಒಳಕ್ಕಿಳಿಯುತ್ತದೆ, ಎಳೆದರೆ ಕಂದು ಸಿಪ್ಪೆ ಸುರುಳಿ ಸುತ್ತಿಕೊಂಡು ಏಳುತ್ತದೆ, ಅಡಿಯಲ್ಲಿ ಬೆಳ್ಳಗೆ ಕಬ್ಬಿಣ — ಥೂ, ಈ ಕೈ ಸುಮ್ಮನಿರಬಾರದೆ, ಅವಳು ಕೈಯನ್ನು ತೊಡೆಯಡಿ ಒತ್ತಿಟ್ಟುಕೊಂಡಳು, ಯಾರಾದರೂ ನೋಡಿದರೇನೋ, ನೋಡಿದರೆ ಏನಂತೆ, ಬೆಂಚು ಕೆರೆದದ್ದಕ್ಕೆ ಯಾವ ಅಂತಾರಾಷ್ಟ್ರೀಯ ನ್ಯಾಯಾಲಯವೂ ಕೂರುವುದಿಲ್ಲ, ಹೀಗೆ ತನಗೆ ತಾನೇ ತಮಾಷೆ ಮಾಡಿಕೊಂಡರೂ ನಗು ಬರಲಿಲ್ಲ, ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿತ್ತು. ಎದುರಿಗೆ ಮುಚ್ಚಿದ ಬಾಗಿಲು, ಬಾಗಿಲ ಹಿಂದೆ ಮೌಖಿಕ ಪರೀಕ್ಷೆ, ಅಂತಾರಾಷ್ಟ್ರೀಯ ಪರಿಸರ ಕಾನೂನು, ಮೇಡಂ ಒಬ್ಬರೇ ಆಗಿದ್ದರೆ ಹೇಗೋ ನಿಭಾಯಿಸಬಹುದಿತ್ತು, ಆದರೆ ಹೊರಗಿನ ಪರೀಕ್ಷಕರು ಬಂದಿದ್ದಾರೆ, ಬಂದರಿಗೆ ಬರುವ ಹಡಗುಗಳ ಹೊಟ್ಟೆಯೊಳಕ್ಕೆ ಇಳಿದು ತಪಾಸಣೆ ಮಾಡುವ ಅಧಿಕಾರಿ, ಪುಸ್ತಕದ ಪ್ರಶ್ನೆ ಕೇಳುವುದಿಲ್ಲವಂತೆ, ತಮ್ಮ ಕೆಲಸದಲ್ಲಿ ತೆಗೆದ ಒಂದು ಫೋಟೊ ಮುಂದಿಡುತ್ತಾರಂತೆ, ಏನು ಕಾಣಿಸುತ್ತದೆ ಹೇಳಿ, ಯಾವ ಒಪ್ಪಂದ ಮುರಿದಿದೆ ಹೇಳಿ, ಯಾರು ಹೊಣೆ ಹೇಳಿ, ಅಷ್ಟೇ. ಪಕ್ಕದಲ್ಲಿ ಕೂತ ಗೆಳತಿ, ಎಲ್ಲರೂ ಗಡಿಬಿಡಿ ಎಂದೇ ಕರೆಯುವವಳು, ಕಣ್ಣು ಮುಚ್ಚಿ ಗಿಣಿಪಾಠ ಒಪ್ಪಿಸುತ್ತಿದ್ದಾಳೆ, ಕೆಡಿಸಿದವನೇ ದಂಡ ತೆರಬೇಕು, ಹಡಗು ಯಾವ ದೇಶದ ಬಾವುಟ ಹಾರಿಸುತ್ತದೋ ಆ ದೇಶದ್ದೇ ಮೊದಲ ಹೊಣೆ, ನಡುವೆ ಒಂದು ಕಣ್ಣು ತೆರೆದು, ನಿಂಗ್ಯಾಕಮ್ಮ ಭಯ, ಹಡಗಿನ ವಿಷಯ ನಿಂಗೆ ನೀರು ಕುಡಿದಷ್ಟು ಸಲೀಸು, ಅವತ್ತು ಕ್ಲಾಸಲ್ಲಿ ನೋಡಿದ್ವಲ್ಲ. ಅವತ್ತು ಕ್ಲಾಸಲ್ಲಿ. ಎಲ್ಲ ಶುರುವಾದದ್ದೇ ಅವತ್ತು ಕ್ಲಾಸಲ್ಲಿ.

ಅವತ್ತಿನ ಪಾಠ, ಹಡಗಿನ ಎಂಜಿನ್ ಕೋಣೆಯ ತಳದಲ್ಲಿ ಸೇರುವ ಎಣ್ಣೆನೀರನ್ನು ಸೋಸದೆ ಸಮುದ್ರಕ್ಕೆ ಬಿಡಕೂಡದು, ಹತ್ತು ಲಕ್ಷಕ್ಕೆ ಹದಿನೈದು ಪಾಲಿಗಿಂತ ಹೆಚ್ಚು ಎಣ್ಣೆ ಅದರಲ್ಲಿ ಇರಕೂಡದು, ಸರಿ, ಸೋಸೋ ಯಂತ್ರ ಇದ್ದೂ ಹೇಗೆ ಮೋಸ ಮಾಡ್ತಾರೆ ಮೇಡಂ ಅಂತ ಯಾರೋ ಕೇಳಿದರು, ಮೇಡಂ ಪುಸ್ತಕದಲ್ಲಿದ್ದಷ್ಟು ಹೇಳಿದರು, ಯಾರ ತಲೆಗೂ ಹೋಗಲಿಲ್ಲ, ಇವಳು ಎದ್ದು ನಿಂತಳು. ಯಾಕೆ ಎದ್ದೆಯೇ, ನಿನ್ನನ್ನು ಯಾರು ಕರೆದಿದ್ದರು, ವಕೀಲರ ಮಕ್ಕಳು, ನ್ಯಾಯಾಧೀಶರ ಮೊಮ್ಮಕ್ಕಳು ತುಂಬಿದ ಕ್ಲಾಸಿನಲ್ಲಿ ಎರಡು ವರ್ಷ ಬಾಯಿಗೆ ಬೀಗ ಹಾಕಿ ಕೂತವಳಿಗೆ ಅವತ್ತು ಮೊದಲ ಸಲ ಬೇರೆ ಯಾರಿಗೂ ಗೊತ್ತಿಲ್ಲದ್ದೊಂದು ಗೊತ್ತಿತ್ತು, ಅದೇ ಬಂತು ಕೇಡು, ಎಣ್ಣೆನೀರು ಯಂತ್ರದೊಳಕ್ಕೆ ಹೋಗದೆ ಸೀದಾ ಸಮುದ್ರಕ್ಕೆ ಹೋಗೋ ಹಾಗೆ ಒಂದು ಪೈಪು ಹಾಕ್ತಾರೆ ಮೇಡಂ, ಮ್ಯಾಜಿಕ್ ಪೈಪ್ ಅಂತಾರೆ ಅದಕ್ಕೆ, ನಡುಸಮುದ್ರದಲ್ಲಿ ಜೋಡಿಸ್ತಾರೆ, ದಡ ಕಾಣೋ ಮುಂಚೆ ಬಿಚ್ಚಿ, ಪೈಪಿದ್ದ ಬಾಯಿಗೆ ತಟ್ಟೆ ಮುಚ್ಚಿ ಬೋಲ್ಟು ಬಿಗೀತಾರೆ, ಬಿಗಿಯುವಾಗ ಬೋಲ್ಟಿನ ಬಣ್ಣ ಏಳುತ್ತಲ್ಲ, ಹೊಸ ಬಣ್ಣ ಬಳಿದು, ಹೊಸದು ಅಂತ ಕಾಣದ ಹಾಗೆ ಮೇಲೆ ಮಸಿ ಕಲಸಿದ ಗ್ರೀಸು ಉಜ್ಜಿಬಿಡ್ತಾರೆ, ಕಣ್ಣಿಗೆ ಹಳೇ ಬೋಲ್ಟೇ, ಉಗುರು ಹಾಕಿ ನೋಡಬೇಕು, ಉಗುರಿಗೆ ಮಾತ್ರ ಗೊತ್ತಾಗುತ್ತೆ. ಕ್ಲಾಸು ಚಪ್ಪಾಳೆ ತಟ್ಟಿತು, ಮೇಡಂ ಕನ್ನಡಕ ತೆಗೆದು, ಇದನ್ನೆಲ್ಲ ಎಲ್ಲಿ ಓದಿದೆ ನೀನು, ಎಲ್ಲೋ ಓದಿದ್ದೆ ಮೇಡಂ, ಭೇಷ್, ತಪಾಸಣೆಯವರು ಒಬ್ಬರು ನನಗೆ ಪರಿಚಯ, ಅವರಿಗೂ ಹೇಳ್ತೀನಿ, ಈ ಉಗುರಿನ ಉಪಾಯ ಅವರಿಗೂ ಗೊತ್ತಿರಲಿಕ್ಕಿಲ್ಲ. ಆಗಲೂ ಅವಳಿಗೆ ಹೊಳೆಯಲಿಲ್ಲ, ಹಿಗ್ಗಿ ಹೀರೇಕಾಯಿಯಾಗಿ ಮನೆಗೆ ಬಂದಳು. ಹೊಳೆದದ್ದು ಬಾಗಿಲಲ್ಲಿ, ಚಪ್ಪಲಿ ಬಿಡುವಾಗ, ಒಂದು ಕಾಲಲ್ಲಿ ಚಪ್ಪಲಿ ಇದ್ದ ಹಾಗೆಯೇ ಗೋಡೆ ಹಿಡಿದು ನಿಂತುಬಿಟ್ಟಳು.

ಯಾಕೆಂದರೆ ಅವಳು ಅದನ್ನು ಓದಿರಲಿಲ್ಲ, ಅಡುಗೆಮನೆಯ ಸಿಂಕಿನ ಕೆಳಗೆ ಮಂಡಿಯೂರಿ, ಅಪ್ಪನಿಗೆ ಟಾರ್ಚು ಹಿಡಿದುಕೊಂಡು ಕೇಳಿದ್ದಳು. ಅಪ್ಪ ಹಡಗಿನ ಫಿಟ್ಟರ್, ಅಂದರೆ ಪೈಪು, ಪಂಪು, ವಾಲ್ವು ಎಲ್ಲದರ ರಿಪೇರಿಯವನು, ರಜೆಯಲ್ಲಿ ಮನೆಗೆ ಬಂದರೂ ಕೈ ಸುಮ್ಮನಿರುವುದಿಲ್ಲ, ಸೋರದ ನಲ್ಲಿಯನ್ನೂ ಬಿಚ್ಚುವ ಪೈಕಿ, ಅವನ ಕೈಯಲ್ಲಿ ಯಾವಾಗಲೂ ಅದೇ ಸ್ಪ್ಯಾನರ್, ಹಿಡಿಗೆ ನೀಲಿ ರಿಬ್ಬನ್ ಸುತ್ತಿದ್ದು, ಅವಳ ಶಾಲೆಯ ರಿಬ್ಬನ್, ದಾರ ಬಿಚ್ಚಿಕೊಳ್ಳದಿರಲಿ ಅಂತ ಅಮ್ಮ ತುದಿಯನ್ನು ಕಡ್ಡಿ ಗೀರಿ ಸುಡಲು ಹೋಗಿ ಜಾಸ್ತಿಯೇ ಸುಟ್ಟು, ತುದಿಯಲ್ಲಿ ಮೆಣಸಿನ ಕಾಳಿನಂಥ ಕಪ್ಪು ಗಂಟು, ಅಪ್ಪ ಎತ್ತಿಕೊಂಡು, ಇದು ನನಗಿರಲಿ, ಹಡಗಲ್ಲಿ ಸಾಮಾನು ಕೈಬದಲಾಗುತ್ತೆ, ಇದನ್ನ ಕಂಡ್ರೆ ನಂದೇ ಅಂತ ಗೊತ್ತಾಗುತ್ತೆ, ಬೇರೆಯವರಿಗೂ ಗೊತ್ತಾಗುತ್ತೆ, ನನ್ನ ಮಗಳ ಜಡೇದು ಅಂತ. ನೋಡು ವಕೀಲಮ್ಮಾ, ಈ ಬಾಗಿದ ಪೈಪಿದೆಯಲ್ಲ, ಇದನ್ನ ಬಿಟ್ಟು ಸೀದಾ ಹೋಗೋ ಹಾಗೆ ಇನ್ನೊಂದು ಹಾಕಿದ್ರೆ — ಅಂತ ಸುಮ್ಮನೆ ಆಟಕ್ಕೆ ಹೇಳುವಂತೆ ಹೇಳುತ್ತಾ ಹೋದ, ಮಸಿಯ ಉಪಾಯ ತನ್ನದೇ ಎಂದು ಕೊಂಚ ಜಂಬದಿಂದಲೇ ಹೇಳಿದ, ನಮ್ಮ ಹಡಗಿನ ಬಾವುಟ ಯಾವ ದೇಶದ್ದು ಗೊತ್ತಾ, ನಾವ್ಯಾರೂ ಆ ದೇಶ ನೋಡಿಲ್ಲ, ಹಡಗೂ ನೋಡಿಲ್ಲ, ಹೆಸರಿಗೊಬ್ಬ ಗಂಡ ಇದ್ದ ಹಾಗೆ, ಅವಳು ನಕ್ಕಳು, ಆಮೇಲೆ ಕೇಳಿದಳು, ತಪ್ಪಲ್ವಾ ಅಪ್ಪಾ. ಸ್ಪ್ಯಾನರ್ ನಿಂತಿತು, ರಿಬ್ಬನ್ನಿನ ತುದಿ ಮೆಲ್ಲಗೆ ಅಲ್ಲಾಡುತ್ತಿತ್ತು. ತಪ್ಪೇ, ಅಂದ, ಮೇಲಿನವರು ಬಾಯಲ್ಲಿ ಹೇಳಲ್ಲ, ಹುಬ್ಬಲ್ಲಿ ಹೇಳ್ತಾರೆ, ಮಾಡದಿದ್ರೆ ಮುಂದಿನ ಹಡಗಿಗೆ ಕರೆಯಲ್ಲ, ಅದಕ್ಕೇ ನಿನ್ನನ್ನ ಓದಿಸ್ತಿರೋದು, ಇದು ಈ ಮನೆ ದಾಟಬಾರದು ನೋಡು. ಒಲೆಯ ಹತ್ತಿರ ನಿಂತಿದ್ದ ಅಮ್ಮ, ಬಾಯಿ ಬಿಟ್ರೆ ಬಣ್ಣಗೇಡು, ಅಪ್ಪ ಮಗಳು ಇಬ್ಬರಿಗೂ ಹೇಳ್ತಿದೀನಿ, ಅಂದಳು.

ಮೊನ್ನೆ ಬೆಳಿಗ್ಗೆ ಅಪ್ಪನ ಹಡಗು ಇದೇ ಬಂದರಿಗೆ ಬರಬೇಕಿತ್ತು, ಹಗ್ಗ ಕಟ್ಟಿದ ಕೂಡಲೇ ಅಪ್ಪ ಫೋನು ಮಾಡುತ್ತಾನೆ, ಮಾಡದೇ ಇದ್ದದ್ದೇ ಇಲ್ಲ, ವಕೀಲಮ್ಮಾ ನೀರು ಕಾಯ್ಸು ಬರ್ತಿದೀನಿ, ಅದೇ ಮಾತು, ಮೊನ್ನೆ ಬರಲಿಲ್ಲ, ನಿನ್ನೆ ಬರಲಿಲ್ಲ, ಇವಳು ಮಾಡಿದರೆ ಸ್ವಿಚ್ಡ್ ಆಫ್. ಸಮುದ್ರ ಜೋರಾಗಿದ್ದೀತು, ಫೋನು ನೀರಿಗೆ ಬಿದ್ದೀತು, ಹೀಗೆ ಅಮ್ಮ ತಾನೇ ಪ್ರಶ್ನೆ ಕೇಳಿ ತಾನೇ ಉತ್ತರ ಹೇಳಿಕೊಂಡು ಪಾತ್ರೆ ತಿಕ್ಕಿದ್ದನ್ನೇ ತಿಕ್ಕುತ್ತಿದ್ದಾಳೆ, ಅವಳಿಗೆ ಕ್ಲಾಸಿನ ವಿಷಯ ಗೊತ್ತಿಲ್ಲ, ಹೇಗೆ ಹೇಳಲಿ. ಭಯ, ಭಯ, ಬೇರೇನಿಲ್ಲ. ಕೇಸಾದರೆ ಕಂಪನಿಯ ಯಜಮಾನ ಸಿಗುವುದಿಲ್ಲ, ಬಾವುಟದ ದೇಶ ಸಿಗುವುದಿಲ್ಲ, ಸ್ಪ್ಯಾನರ್ ಹಿಡಿದವನು ಸಿಗುತ್ತಾನೆ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ, ಇದು ಯಾವ ಒಪ್ಪಂದದ ಯಾವ ವಿಧಿ, ಗಡಿಬಿಡಿಯನ್ನು ಕೇಳಬೇಕು — ಗಡಿಬಿಡಿ ಎಲ್ಲಿ, ಒಳಗೆ ಹೋದದ್ದು ಯಾವಾಗ, ಇಗೋ ಹೊರಗೇ ಬಂದಳು, ಮುಖವೆಲ್ಲ ಹಲ್ಲು, ಸಲೀಸಪ್ಪಾ, ನಂಗೆ ತುಕ್ಕು ಹಿಡಿದ ಡ್ರಮ್ಮಿನ ಫೋಟೊ, ಮನುಷ್ಯ ಒಳ್ಳೆಯವರು, ಬೆವರ್ತಿದೀಯಲ್ಲೇ, ಏನಾಯ್ತು. ಏನಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನೀನು ಮುಟ್ಟಿಕೊಳ್ಳಬೇಡ, ಸುಮ್ಮನಿರು, ನೀನು ವಿದ್ಯಾರ್ಥಿನಿ, ಅವರು ಪರೀಕ್ಷಕರು, ಊರಿಗೆ ನೂರು ಹಡಗು ಬರುತ್ತವೆ, ಅಪ್ಪ ಇಷ್ಟು ಹೊತ್ತಿಗೆ ಮನೆಯಲ್ಲಿ ಸ್ನಾನ ಮಾಡುತ್ತಿರಬಹುದು, ಜವಾನ ಬಾಗಿಲು ಹಿಡಿದು ನಿಂತು, ಮುಂದಿನವರು ಬರಬೇಕಮ್ಮಾ, ಎಂದ.

ಉದ್ದನೆಯ ಮೇಜು, ನೀರಿನ ಲೋಟ, ಮೇಡಂ ಆಚೆ ಬದಿಗೆ, ಈಚೆಗೆ ಅವರು, ಅವಳು ಅಂದುಕೊಂಡ ಹಾಗೆ ಗದರುವ ಮುಖವಲ್ಲ, ನೆಗಡಿಯಾದ ಸಾಧು ಮನುಷ್ಯ, ಕರವಸ್ತ್ರದಿಂದ ಮೂಗು ಒರೆಸಿಕೊಂಡು ಕೂತ್ಕೊಳಮ್ಮಾ ಎಂದರು, ಇವಳೇ ಸಾರ್, ನಾನು ಹೇಳಿದ್ದೆನಲ್ಲ, ಉಗುರಿನ ಹುಡುಗಿ, ಎಂದು ಮೇಡಂ ಹೆಮ್ಮೆಯಿಂದ ನಕ್ಕರು, ಓ ನೀವೇನಾ, ನಿಮಗೆ ಥ್ಯಾಂಕ್ಸ್ ಹೇಳಬೇಕು, ಇಪ್ಪತ್ತು ವರ್ಷದಿಂದ ಹಡಗು ನೋಡ್ತಿದೀನಿ, ಇದು ತಲೆಗೆ ಹೊಳೆದಿರಲಿಲ್ಲ, ಮೊನ್ನೆ ಒಂದು ಹಡಗಿಗೆ ಹೋಗಿದ್ದೆ, ಎಲ್ಲ ಸರಿಯಾಗಿಯೇ ಇತ್ತು, ಮೆಟ್ಟಿಲು ಹತ್ತೋವಾಗ ನಿಮ್ಮ ಮಾತು ನೆನಪಾಯ್ತು, ತಿರುಗಿ ಬಂದು ಉಗುರು ಹಾಕಿ ನೋಡಿದೆ, ಎನ್ನುತ್ತಾ ಫೋಟೊವನ್ನು ಮೇಜಿನ ಮೇಲೆ ಜಾರಿಸಿದರು, ಏನು ಕಾಣಿಸುತ್ತೆ ಹೇಳಿ. ಬೋಲ್ಟು ಕಾಣಿಸುತ್ತದೆ, ತಟ್ಟೆ ಮುಚ್ಚಿದ ಪೈಪಿನ ಬಾಯಿ, ಮಸಿ, ಮಸಿಯ ನಡುವೆ ಉಗುರು ಎಳೆದ ಗೆರೆ, ಗೆರೆಯೊಳಗೆ ಹೊಸ ಬಣ್ಣ, ಹೇಳು, ಇಷ್ಟೇ ಹೇಳು, ಒಪ್ಪಂದದ ಹೆಸರು ಹೇಳು, ಎಡಕ್ಕೆ ನೋಡಬೇಡ, ಎಡಗಡೆ ಪೈಪಿನ ಹಿಂದೆ ಸಿಕ್ಕಿಸಿಟ್ಟ — ನೋಡಿಬಿಟ್ಟಳು. ಅವರೂ ಅಲ್ಲಿಗೇ ಬೆರಳಿಟ್ಟರು, ಹಾಂ, ಅದೊಂದು ಬಾಕಿ, ಆ ಸ್ಪ್ಯಾನರ್ ಯಾರದು ಅಂದ್ರೆ ಹಡಗಲ್ಲಿ ಒಬ್ಬರೂ ಬಾಯಿ ಬಿಡ್ತಿಲ್ಲ, ಎಲ್ಲರ ಫೋನೂ ತೆಗೆದಿಟ್ಟಿದೀವಿ, ಎರಡು ದಿನದಿಂದ ಒಬ್ಬರ ಮುಖ ಒಬ್ಬರು ನೋಡ್ಕೊಂಡು ಕೂತಿದಾರೆ, ಇರಲಿ, ನೀವು ಕಾನೂನಿನ ಪ್ರಕಾರ ಹೇಳಿ, ಯಾರು ಹೊಣೆ. ಬಾವುಟದ ದೇಶ ಸಾರ್, ಕಂಪನಿ ಸಾರ್, ಉತ್ತರ ನಾಲಿಗೆಯ ತುದಿಯಲ್ಲೇ ಇದೆ, ನಾನು, ನಾನೇ ಸಾರ್, ಎಂದು ಒಳಗೆ ಯಾರೋ ಕೂಗಿದರು, ಆಗ ಅವಳ ಕೈ, ಹೇಳದೆ ಕೇಳದೆ, ತೊಡೆಯ ಮೇಲಿಂದ ಎದ್ದು ಮೆಲ್ಲಗೆ ಹೋಗಿ ಜಡೆಯ ತುದಿಯನ್ನು ಮುಟ್ಟಿತು, ವರ್ಷಗಳಿಂದ ಏನೂ ಕಟ್ಟದ ತುದಿ, ಅವರು ಮೂಗು ಒರೆಸುವುದನ್ನು ನಿಲ್ಲಿಸಿದರು, ಕಣ್ಣು ಅವಳ ಕೈಯ ಮೇಲೆ, ಕೈ ಇಳಿಸು, ಇಳಿಸೇ, ಇಳಿಯುವುದಿಲ್ಲ, ಫೋಟೊದಲ್ಲಿ ನೀಲಿ ರಿಬ್ಬನ್, ತುದಿಯಲ್ಲಿ ಕಪ್ಪು ಗಂಟು, ಅಮ್ಮ ಸುಟ್ಟದ್ದು, ನೀಲಿ ರಿಬ್ಬನ್, ಕಪ್ಪು ಗಂಟು, ನೀಲಿ ರಿಬ್ಬನ್